ಹಳೆಯ ದೋಣಿಯಂತ್ರದ ಜೀರ್ಣೋದ್ಧಾರ

ಎಸೆಯುವುದಕ್ಕೆ ಮನಸ್ಸು ಬಾರದ, ಬಳಸುವುದಕ್ಕೂ ಬಾರದ ಪದಾರ್ಥಗಳಿಗೆ ಪ್ರತಿಯೊಂದು ಮನೆಯಲ್ಲಿಯೂ ಒಂದು ಮೂಲೆಯಿರುವುದು. ಘಟ್ಟದ ಮೇಲಣ ಮನೆಗಳಲ್ಲಿ ಆ ಮೂಲೆಯನ್ನು ನಿಂತುಹೋದ ಗಡಿಯಾರವೋ ತುಕ್ಕು ಹಿಡಿದ ಹೊಲಿಗೆಯ ಯಂತ್ರವೋ ಆಕ್ರಮಿಸಿಕೊಂಡಿದ್ದರೆ, ಕಡಲತೀರದ ಮನೆಗಳಲ್ಲಿ ಹಳೆಯ ಬಲೆಗಳ ರಾಶಿಯ ಪಕ್ಕದಲ್ಲಿ ಗೋಣಿಯನ್ನು ಹೊದೆದು ಗೋಡೆಗೆ ಒರಗಿರುವ ದೋಣಿಯ ಇಂಜಿನು ಆಕ್ರಮಿಸಿಕೊಂಡಿರುವುದುಂಟು. ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಕಚ್ಚಿಸಿ, ಕೆಲಸ ಮುಗಿದಮೇಲೆ ಬಿಚ್ಚಿ ಹೆಗಲ ಮೇಲೆ ಹೊತ್ತು ತರಬಹುದಾದ ಈ ಯಂತ್ರಕ್ಕೆ ಔಟ್‌ಬೋರ್ಡ್ ಎಂದು ಹೆಸರು. ಅದು ಹೇಗೂ ಹೆಗಲ ಮೇಲೆ ಬರುವಂಥದಾದುದರಿಂದಲೇ ಮನೆಯ ಮೂಲೆಯನ್ನು ಸೇರುವುದೂ ಸುಲಭವಾಯಿತು.

ಕುಂದಾಪುರದ ಕಡೆಯ ಸೋದರಿಯೊಬ್ಬರು ಇಂತಹುದೇ ಒಂದು ಇಂಜಿನಿನ ವಿಷಯವಾಗಿ ನಮಗೆ ಕಾಗದ ಬರೆದಿರುವರು. ಅದು ಅವರ ಮಾವನವರು ಕೊಂಡದ್ದು. ಮಾವನವರು ಕಾಲವಾದಮೇಲೆ ಎಂಟು ವರ್ಷಗಳಿಂದ ಅದಕ್ಕೆ ಯಾರೂ ಕೈ ಹಚ್ಚಿಲ್ಲ. ಈಗ ಮಗನು ಅದನ್ನು ದುರಸ್ತು ಮಾಡಿಸಿ ಮುಂದಿನ ಮಳೆಗಾಲದಲ್ಲಿ ನಾಡದೋಣಿಗೆ ಕಟ್ಟಬೇಕೆಂದಿದ್ದಾನೆ, ಕೈಯಲ್ಲಿ ಹಣವಿಲ್ಲ, ಬಳೆಗಳನ್ನು ಅಡವಿಡಬೇಕಾಗುವುದು. “ಅಜ್ಜನ ಇಂಜಿನು, ಬಿಡಬಾರದು ಎಂದು ಅವನು, ಸತ್ತದ್ದಕ್ಕೆ ಸಾಲ ಮಾಡಬೇಡಿ ಎಂದು ನಾನು. ಯಾರ ಮಾತು ಸರಿ?” ಎಂದು ಕೇಳಿರುವರು. ಹೊರಗಿನಿಂದ ನೋಡಿದರೆ ಇದು ಕಬ್ಬಿಣದ ಪ್ರಶ್ನೆ. ಒಳಹೊಕ್ಕು ನೋಡಿದರೆ ಒಂದು ಸಂಸಾರದ ಚಿನ್ನದ ಪ್ರಶ್ನೆಯೂ, ಅದಕ್ಕಿಂತ ಮಿಗಿಲಾಗಿ ಒಬ್ಬ ತರುಣನ ಪ್ರಾಣದ ಪ್ರಶ್ನೆಯೂ ಆಗಿದೆ. ಆದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರ ಹೇಳುವುದು ಉಚಿತವೆಂದು ಭಾವಿಸಿದ್ದೇವೆ.

ಇಬ್ಬರ ಮಾತೂ ಪರೀಕ್ಷೆಗೆ ಮುಂಚೆ ಹೇಳಿದ ಮಾತಾದುದರಿಂದ, ಇಬ್ಬರದೂ ಸರಿಯಲ್ಲ, ಇಬ್ಬರದೂ ತಪ್ಪಲ್ಲ. ನಮ್ಮ ಪ್ರಾಚೀನ ವೈದ್ಯಶಾಸ್ತ್ರಕಾರನಾದ ಚರಕನು ರೋಗಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವನು. ಸುಲಭವಾಗಿ ಗುಣವಾಗುವುದು ಮೊದಲನೆಯದು, ಕಷ್ಟಪಟ್ಟು ಗುಣಪಡಿಸಬಹುದಾದುದು ಎರಡನೆಯದು, ಗುಣವಾಗದಿದ್ದರೂ ಪಥ್ಯದಿಂದ ಕಾಲ ನೂಕಬಹುದಾದುದು ಮೂರನೆಯದು, ಕೈಬಿಡತಕ್ಕದ್ದು ನಾಲ್ಕನೆಯದು. ಈ ವಿಂಗಡಣೆಯನ್ನು ಮಾಡಿಕೊಳ್ಳದೆ ಚಿಕಿತ್ಸೆಗೆ ತೊಡಗಿ, ಅಸಾಧ್ಯವಾದುದಕ್ಕೆ ಕೈಯಿಕ್ಕಿದ ವೈದ್ಯನು ಧನವನ್ನೂ ಕೀರ್ತಿಯನ್ನೂ ಕಳೆದುಕೊಳ್ಳುವನೆಂಬುದು ಆತನ ಅಭಿಪ್ರಾಯ. ಮನುಷ್ಯಶರೀರಕ್ಕೆ ಹೇಳಿದ ಈ ಮಾತು ಇಂಜಿನಿಗೆ ಇನ್ನೂ ಚೆನ್ನಾಗಿ ಒಪ್ಪುವುದು. ಏಕೆಂದರೆ ಮನುಷ್ಯನನ್ನು ಅಸಾಧ್ಯವೆಂದು ತಿಳಿದೂ ಶುಶ್ರೂಷೆ ಮಾಡುವುದು ಧರ್ಮ, ಇಂಜಿನಿಗೆ ಹಾಗೆ ಮಾಡುವುದು ಬರಿಯ ದುಂದು.

ಈ ಯಂತ್ರದ ಕುಲಗೋತ್ರವನ್ನು ಒಂದೆರಡು ಮಾತಿನಲ್ಲಿ ಹೇಳಿಬಿಡೋಣ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ ಎಂಬಾತನು 1909ರಲ್ಲಿ ಮಿಲ್ವಾಕಿ ಪಟ್ಟಣದಲ್ಲಿ ಮಾರಾಟಕ್ಕೆ ತಂದ ಇಂಜಿನು ಈ ಜಾತಿಯಲ್ಲಿ ಮೊತ್ತಮೊದಲು ಹೆಸರಾದದ್ದು. ಅದರ ಬಲ ಒಂದೂವರೆ ಅಶ್ವಶಕ್ತಿ. ತೂಕ ಸುಮಾರು 28 ಕಿಲೋಗ್ರಾಂ. ನಮ್ಮ ಪಶ್ಚಿಮ ಕರಾವಳಿಯ ನಾಡದೋಣಿಗಳಿಗೆ ಇದು ವಿಶೇಷವಾಗಿ ಬಂದುದು 1980ರ ದಶಕದಿಂದ ಈಚೆಗೆ. ಹುಟ್ಟು ಹಾಕಿ ಹೋಗುತ್ತಿದ್ದ ದೂರವನ್ನು ಇಂಜಿನು ಅಲ್ಪಕಾಲದಲ್ಲಿಯೇ ದಾಟಿಸಿತು. ಅದರೊಡನೆ ಪೆಟ್ರೋಲು, ಸೀಮೆಎಣ್ಣೆ, ಬಿಡಿಭಾಗ, ಸಾಲ ಎಂಬ ಹೊಸ ನಂಟರನ್ನೂ ಮನೆಗೆ ಕರೆತಂದಿತು.

ಇನ್ನು ಪರೀಕ್ಷೆಯ ಕ್ರಮ. ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಆಮೇಲೆ, ಮಾರಕವಾದ ಲಕ್ಷಣವೊಂದು ಕಂಡೊಡನೆ ನಿಲ್ಲಿಸಿಬಿಡತಕ್ಕದ್ದು, ಇದೇ ಮೂಲಸೂತ್ರ. ಇಂಜಿನನ್ನು ಮೂಲೆಯಿಂದ ತೆಗೆದೊಡನೆಯೇ ಹಗ್ಗವನ್ನು ಎಳೆಯುವುದಾಗಲಿ, ಹೊಸ ಪ್ಲಗ್ಗನ್ನು ಕೊಂಡು ತರುವುದಾಗಲಿ ಸಲ್ಲದು.

ಮೊದಲನೆಯದು ಚರಿತ್ರೆಯನ್ನು ವಿಚಾರಿಸುವುದು. ಇದು ಓಡುತ್ತ ಓಡುತ್ತ ವಿಶ್ರಾಂತಿಗೆ ಹೋಯಿತೆ, ಕೆಟ್ಟು ನಿಂತಿತೆ, ಅಥವಾ ದೋಣಿ ಮಗುಚಿ ಸಮುದ್ರದಲ್ಲಿ ಮುಳುಗಿತ್ತೆ? ಈ ಮೂರಕ್ಕೂ ಭೂಮ್ಯಾಕಾಶಗಳ ಅಂತರವುಂಟು. ಚೆನ್ನಾಗಿ ಓಡುತ್ತಿದ್ದು, ಯಜಮಾನನು ಹೋದದ್ದರಿಂದ ಸುಮ್ಮನೆ ನಿಂತದ್ದಾದರೆ ಆಶೆಗೆ ಅವಕಾಶವಿದೆ. ಉಪ್ಪುನೀರಿನಲ್ಲಿ ಮುಳುಗಿ, ಆ ದಿನವೇ ಸಿಹಿನೀರಿನಿಂದ ತೊಳೆದು ಎಣ್ಣೆ ಕಾಣಿಸಿ ಓಡಿಸದೆ, ಹಾಗೆಯೇ ವರ್ಷಗಟ್ಟಲೆ ಇಟ್ಟದ್ದಾದರೆ ಒಳಗಿನ ಬೇರಿಂಗುಗಳನ್ನು ತುಕ್ಕು ತಿಂದಿರುವುದೆಂದೇ ತಿಳಿಯಬೇಕು. ಹಿರಿಯರೊಡನೆ ಒಂದೇ ದೋಣಿಯಲ್ಲಿ ಹೋಗುತ್ತಿದ್ದವರು ಇನ್ನೂ ಕೇರಿಯಲ್ಲಿರುವರಷ್ಟೆ. ಅವರನ್ನು ಕೇಳಿದರೆ ಈ ವಿಷಯ ಕಾಸು ಖರ್ಚಿಲ್ಲದೆ ತಿಳಿಯುವುದು.

ಎರಡನೆಯದು ಹೆಸರು ಮತ್ತು ಸಂಖ್ಯೆ. ದೋಣಿಗೆ ಕಚ್ಚಿಸುವ ಹಿಡಿಯ ಬಳಿ ಸಣ್ಣದೊಂದು ತಗಡಿನ ಮೇಲೆ ಮಾದರಿಯ ಗುರುತನ್ನೂ ಕ್ರಮಸಂಖ್ಯೆಯನ್ನೂ ಕೆತ್ತಿರುವರು. ಅದನ್ನು ಬರೆದುಕೊಂಡು ಬಿಡಿಭಾಗಗಳ ಅಂಗಡಿಗೆ ಹೋಗಿ, ನೀರಿನ ಪಂಪಿನ ರಬ್ಬರು ಚಕ್ರ, ಸಿಲಿಂಡರಿನ ಗ್ಯಾಸ್ಕೆಟ್ಟು, ಪಿಸ್ಟನ್ನಿನ ಉಂಗುರ, ಗೇರುಪೆಟ್ಟಿಗೆಯ ಸೀಲು ಈ ನಾಲ್ಕು ಈಗಲೂ ದೊರೆಯುವುವೆ, ಎಷ್ಟು ಬೆಲೆ ಎಂದು ಕೇಳಬೇಕು. ಮೇಲೆ ಹೇಳಿದ ಎವಿನ್‌ರೂಡ್ ಹೆಸರಿನ ಇಂಜಿನುಗಳ ತಯಾರಿಕೆಯನ್ನೇ 2020ರಲ್ಲಿ ಅದರ ಒಡೆಯರಾದ ಕಂಪೆನಿಯವರು ನಿಲ್ಲಿಸಿಬಿಟ್ಟರು. ಮೂಲಪುರುಷನ ವಂಶಕ್ಕೇ ಹೀಗಾದಮೇಲೆ ಉಳಿದವುಗಳ ಗತಿಯನ್ನು ವಿಚಾರಿಸದೆ ಹಣ ಹಾಕುವುದು ಬುದ್ಧಿವಂತಿಕೆಯಲ್ಲ. ಭಾಗ ದೊರೆಯದ ಇಂಜಿನು, ಔಷಧವಿಲ್ಲದ ರೋಗಿಯಂತೆ.

ಮೂರನೆಯದು ಕಣ್ಣಿನ ಪರೀಕ್ಷೆ. ಮೇಲಿನ ಮುಚ್ಚಳವನ್ನು ತೆಗೆದು ಹಗಲು ಬೆಳಕಿನಲ್ಲಿ ನೋಡಬೇಕು. ಬಣ್ಣವು ಗುಳ್ಳೆಯೆದ್ದು ಅದರ ಕೆಳಗೆ ಬಿಳಿಯ ಪುಡಿ ಉದುರುತ್ತಿದ್ದರೆ ಅದು ಅಲ್ಯುಮಿನಿಯಮ್ಮನ್ನು ಉಪ್ಪು ತಿಂದ ಗುರುತು. ಮೇಲ್ಮೈಯಲ್ಲಿ ಅಲ್ಲೊಂದು ಇಲ್ಲೊಂದು ಇದ್ದರೆ ಚಿಂತೆಯಿಲ್ಲ. ಸಿಲಿಂಡರಿನ ಸುತ್ತಲೂ ಬೋಲ್ಟುಗಳ ಬುಡದಲ್ಲಿಯೂ ಹಾಗಿದ್ದರೆ, ಒಳಗಿನ ನೀರಿನ ದಾರಿಗಳೂ ಕಟ್ಟಿರುವ ಸಂಭವ ಹೆಚ್ಚು. ಉಕ್ಕಿನ ಬೋಲ್ಟೂ ಅಲ್ಯುಮಿನಿಯಮ್ಮಿನ ಮೈಯೂ ಉಪ್ಪುನೀರಿನಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅಲ್ಯುಮಿನಿಯಂ ಸವೆದು, ಆ ಪುಡಿಯೇ ಬೋಲ್ಟನ್ನು ಬಿಗಿಯಾಗಿ ಹಿಡಿದುಕೊಳ್ಳುವುದು. ಬಿಚ್ಚಲು ಹೋದರೆ ತಲೆ ಮುರಿಯುವುದು. ಹೀಗೆ ಮುರಿದ ಬೋಲ್ಟಿನ ತುಂಡುಗಳನ್ನು ಕೊರೆದು ತೆಗೆಯುವ ಕೂಲಿಯೇ ಅನೇಕ ವೇಳೆ ಬಿಡಿಭಾಗಗಳ ಬೆಲೆಯನ್ನು ಮೀರುವುದು. ದೋಣಿಯ ಹಲಗೆಗೆ ಕಚ್ಚುವ ಹಿಡಿಯಲ್ಲಿ ಬಿರುಕಿದ್ದರೆ ಮುಂದಿನ ಪರೀಕ್ಷೆಗಳನ್ನು ಮಾಡುವುದಕ್ಕೆ ಮುಂಚೆ ಆ ಹಿಡಿ ಬೇರೆ ದೊರೆಯುವುದೆ ಎಂದು ನೋಡಬೇಕು. ಅದಿಲ್ಲದೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ.

ನಾಲ್ಕನೆಯದು ತಿರುಗುವುದೇ ಎಂಬುದು. ಪ್ಲಗ್ಗುಗಳನ್ನು ಬಿಚ್ಚಿ, ಮೇಲಿನ ದೊಡ್ಡ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ತಿರುಗಿದರೆ ಒಳ್ಳೆಯದು. ತಿರುಗದಿದ್ದರೆ ಬಲಾತ್ಕಾರ ಮಾಡಕೂಡದು. ಪ್ಲಗ್ಗಿನ ರಂಧ್ರದಿಂದ ತುಕ್ಕು ಬಿಡಿಸುವ ತೆಳ್ಳನೆಯ ಎಣ್ಣೆಯನ್ನು ಹನಿಸಿ, ಎರಡು ಮೂರು ದಿವಸ ಬಿಟ್ಟು, ಮತ್ತೆ ಹನಿಸಿ, ಸಾವಧಾನವಾಗಿ ಪ್ರಯತ್ನಿಸಬೇಕು. ಒಂದು ವಾರದ ತಾಳ್ಮೆಗೆ ಬಗ್ಗಿದ ಇಂಜಿನು ಬದುಕಬಹುದು. ಸುತ್ತಿಗೆಗೆ ಬಗ್ಗಿದ ಇಂಜಿನಿನೊಳಗೆ ಏನಾದರೂ ಮುರಿದೇ ಇರುವುದು.

ಐದನೆಯದು ಒತ್ತಡದ ಪರೀಕ್ಷೆ, ಇದೇ ನಾಡಿಪರೀಕ್ಷೆ. ಮೆಕ್ಯಾನಿಕ್ಕರ ಬಳಿ ಇದಕ್ಕೆ ಒಂದು ಮಾಪಕವಿರುವುದು. ಅದನ್ನು ಪ್ಲಗ್ಗಿನ ಸ್ಥಾನದಲ್ಲಿ ಕೂರಿಸಿ, ಗಾಳಿಯ ಬಾಗಿಲನ್ನು ಪೂರ್ತಿ ತೆರೆದು, ಮುಳ್ಳು ಮೇಲೇರುವುದು ನಿಲ್ಲುವವರೆಗೆ ನಾಲ್ಕೈದು ಸಲ ಹಗ್ಗವನ್ನು ಎಳೆಯುವರು. ಹಳೆಯ ಪೆಟ್ರೋಲು ಇಂಜಿನುಗಳಲ್ಲಿ ಸಾಮಾನ್ಯವಾಗಿ ಚದರ ಅಂಗುಲಕ್ಕೆ 90ರಿಂದ 120 ಪೌಂಡಿನವರೆಗೆ ಬರುವುದು. ಸೀಮೆಎಣ್ಣೆಯವುಗಳಲ್ಲಿ ಇದಕ್ಕಿಂತ ಕಡಿಮೆ. ಅಂಕೆಯು ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ, ಅಂಕೆಗಿಂತಲೂ ಎರಡು ಸಿಲಿಂಡರುಗಳ ನಡುವಣ ಸಮತೆಯೇ ಮುಖ್ಯ. ನೂರಕ್ಕೆ ಹತ್ತರಷ್ಟು ಹೆಚ್ಚುಕಡಮೆ ಇರಬಹುದು. ಹದಿನೈದನ್ನು ಮೀರಿದರೆ ಒಂದು ಸಿಲಿಂಡರು ರೋಗಗ್ರಸ್ತವೆಂದು ತಿಳಿಯಬೇಕು. ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚದಷ್ಟು ಎಣ್ಣೆಯನ್ನು ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ಉಂಗುರಗಳು ಸವೆದಿವೆ ಅಥವಾ ಅಂಟಿಕೊಂಡಿವೆ. ಏರದಿದ್ದರೆ ಗ್ಯಾಸ್ಕೆಟ್ಟನ್ನೂ ಪಿಸ್ಟನ್ನನ್ನೂ ಸಂಶಯಿಸಬೇಕು. ಈ ಒಂದು ಪರೀಕ್ಷೆಗೆ ಕೊಡುವ ಅಲ್ಪ ಕೂಲಿಯು ಬಳೆಗಳನ್ನು ಉಳಿಸಬಲ್ಲದು.

ಆರನೆಯದು ಗೇರುಪೆಟ್ಟಿಗೆ. ನೀರಿನೊಳಗೆ ಮುಳುಗಿರುವ ಕೆಳಭಾಗದಲ್ಲಿ, ಪ್ರೊಪೆಲ್ಲರಿನ ಮುಂದೆ, ಮೇಲೊಂದು ಕೆಳಗೊಂದು ತಿರುಪುಮೊಳೆಗಳಿರುವುವು. ಕೆಳಗಿನದನ್ನು ಸ್ವಲ್ಪ ಸಡಿಲಿಸಿದಾಗ ಮೊದಲು ನೀರು ಬಂದರೆ, ಅಥವಾ ಎಣ್ಣೆಯು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಸೀಲುಗಳು ಹೋಗಿ ನೀರು ಒಳಹೊಕ್ಕಿದೆ. ಸೀಲುಗಳೇನೋ ಅಗ್ಗ, ಆದರೆ ಆ ನೀರು ಎಂಟು ವರ್ಷ ಅಲ್ಲಿಯೇ ನಿಂತಿದ್ದರೆ ಬೇರಿಂಗೂ ಗೇರೂ ಅಗ್ಗವಲ್ಲ. ಎಣ್ಣೆಯಲ್ಲಿ ನುಣ್ಣನೆಯ ಬೂದು ಕೆಸರು ಸ್ವಲ್ಪ ಇರುವುದು ಸಹಜ. ಹೊಳೆಯುವ ಲೋಹದ ಚೂರುಗಳು ಕಂಡರೆ ಹಲ್ಲುಗಳು ಮುರಿದಿವೆ. ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸುತ್ತ ಅದರ ದಂಡವು ಓಲಾಡುವುದೇ ಎಂದೂ ನೋಡಬೇಕು. ಬಂಡೆಗೆ ಬಡಿದ ದಂಡವು ಬಾಗಿದ್ದರೆ ಹೊಸ ಸೀಲೂ ಬಹುಕಾಲ ಬಾಳದು.

ಇಷ್ಟರಲ್ಲಿ ಉತ್ತೀರ್ಣವಾದಮೇಲೆ ಮಾತ್ರ ಕಿಡಿ ಮತ್ತು ಇಂಧನದ ವಿಚಾರಕ್ಕೆ ಬರಬೇಕು. ವಿಚಿತ್ರವೇನೆಂದರೆ, ಜನರು ಸಾಮಾನ್ಯವಾಗಿ ಇಲ್ಲಿಂದಲೇ ಆರಂಭಿಸುವರು. ಪ್ಲಗ್ಗು ಬದಲಾಯಿಸಿ, ಕಾರ್ಬುರೇಟರು ತೊಳೆದು, ಹತ್ತು ಸಲ ಹಗ್ಗ ಎಳೆದು, ಇಂಜಿನು ಸದ್ದು ಮಾಡಿದೊಡನೆ “ಬದುಕಿತು” ಎಂದು ಹಿಗ್ಗುವರು. ಸದ್ದು ಮಾಡುವುದು ಬೇರೆ, ಬದುಕಿರುವುದು ಬೇರೆ. ಕಿಡಿ ಬಾರದಿರುವುದೂ, ಹಳೆಯ ಪೆಟ್ರೋಲು ಗೋಂದಿನಂತಾಗಿ ಕಾರ್ಬುರೇಟರಿನ ಸೂಕ್ಷ್ಮರಂಧ್ರಗಳನ್ನು ಮುಚ್ಚಿರುವುದೂ ವರ್ಷಗಟ್ಟಲೆ ನಿಂತ ಇಂಜಿನಿಗೆಲ್ಲ ಬರುವ ನೆಗಡಿ ಕೆಮ್ಮುಗಳು. ಅವುಗಳಿಂದ ಯಾವ ಇಂಜಿನೂ ಸತ್ತಿಲ್ಲ. ಒಂದು ಮಾತನ್ನು ಮಾತ್ರ ಇಲ್ಲಿ ಸೇರಿಸಬೇಕಾಗಿದೆ. ನಮ್ಮ ದೇಶದಲ್ಲಿ ಈಗ ಮಾರುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲು ಬೆರೆತಿರುವುದು. ಅದು ಗಾಳಿಯ ತೇವವನ್ನು ಹೀರುವುದು. ಹಳೆಯ ಕಾಲದ ರಬ್ಬರಿಗೆ ಅದು ಒಗ್ಗದು. ಆದುದರಿಂದ ಅಜ್ಜನ ಕಾಲದ ಇಂಧನದ ಕೊಳವೆಗಳು ಕಣ್ಣಿಗೆ ಚೆನ್ನಾಗಿ ಕಂಡರೂ ಬದಲಾಯಿಸಲೇಬೇಕು. ಕೊಳವೆ ಸೋರಿ ಬೆಂಕಿ ಹತ್ತಿದರೆ ದೋಣಿಯಿಂದ ಓಡಿಹೋಗುವುದಕ್ಕೆ ಅಂಗಳವಿಲ್ಲ.

ಹಾಗೆಯೇ ನೀರಿನ ಪಂಪಿನ ರಬ್ಬರು ಚಕ್ರವನ್ನೂ ನೋಡದೆಯೇ ಬದಲಾಯಿಸತಕ್ಕದ್ದು. ಒಂದೇ ಭಂಗಿಯಲ್ಲಿ ವರ್ಷಗಟ್ಟಲೆ ಮಡಿಸಿ ನಿಂತ ಅದರ ದಳಗಳು ಮತ್ತೆ ನೆಟ್ಟಗಾಗವು. ಈ ಇಂಜಿನು ತನ್ನ ಮೈಯನ್ನು ತಂಪಾಗಿಡಲು ಹೊರಗಿನ ನೀರನ್ನೇ ಕುಡಿಯುವಂಥದು. ಒಣನೆಲದ ಮೇಲೆ ಅರೆನಿಮಿಷ ಓಡಿಸಿದರೂ ಆ ಚಕ್ರ ಸುಡಬಹುದು. ಆದುದರಿಂದ ಪ್ರೊಪೆಲ್ಲರನ್ನು ಕಳಚಿಟ್ಟು, ಸಿಹಿನೀರು ತುಂಬಿದ ದೊಡ್ಡ ಡ್ರಮ್ಮಿನಲ್ಲಿ ಕೆಳಭಾಗವನ್ನು ಚೆನ್ನಾಗಿ ಮುಳುಗಿಸಿ, ಬಯಲಿನಲ್ಲಿ ಓಡಿಸಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಓಡಿಸಕೂಡದು. ಅದರ ಹೊಗೆಯಲ್ಲಿರುವ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಿಂಬದಿಯ ಸಣ್ಣ ರಂಧ್ರದಿಂದ ನೀರಿನ ಧಾರೆಯು ಎಡೆಬಿಡದೆ ಬರುತ್ತಿರಬೇಕು. ಹೊಸ ಚಕ್ರ ಹಾಕಿದಮೇಲೂ ಧಾರೆ ಸಣ್ಣದಾಗಿದ್ದು ಇಂಜಿನು ಬಿಸಿಯೇರಿದರೆ, ಒಳದಾರಿಗಳು ಉಪ್ಪಿನಿಂದ ಕಟ್ಟಿವೆಯೆಂದರ್ಥ.

ಈಗ ಚರಕನ ನಾಲ್ಕು ಬಗೆಗಳಿಗೆ ಬರೋಣ. ಒತ್ತಡ ಸಮವಾಗಿದ್ದು, ಗೇರಿನ ಎಣ್ಣೆ ಶುದ್ಧವಾಗಿದ್ದು, ದೋಷವು ಕಿಡಿ, ಕಾರ್ಬುರೇಟರು, ರಬ್ಬರು, ಹಗ್ಗಗಳಲ್ಲಿ ಮಾತ್ರ ಇದ್ದರೆ ಅದು ಸುಖಸಾಧ್ಯ. ಸಂತೋಷದಿಂದ ದುರಸ್ತು ಮಾಡಿಸಬಹುದು. ಉಂಗುರ, ಗ್ಯಾಸ್ಕೆಟ್ಟು, ಕಾಯಿಲು, ಗೇರಿನ ಸೀಲು, ಮುರಿದ ಬೋಲ್ಟುಗಳವರೆಗೆ ಹೋದರೆ ಕೃಚ್ಛ್ರಸಾಧ್ಯ. ಲೆಕ್ಕ ಹಾಕಿ ತೀರ್ಮಾನಿಸಬೇಕು. ಎರಡು ಸಿಲಿಂಡರುಗಳಲ್ಲಿಯೂ ಒತ್ತಡ ಸಮವಾಗಿಯೇ ಕುಗ್ಗಿದ್ದು, ಓಡುವುದಾದರೂ ದೀರ್ಘಕಾಲ ಓಡಲಾರದಂಥದು ಯಾಪ್ಯ. ಅದನ್ನು ನದಿಯಲ್ಲಿ, ಹಿನ್ನೀರಿನಲ್ಲಿ, ದಡ ಕಾಣುವಷ್ಟು ದೂರದಲ್ಲಿ, ಹುಟ್ಟುಗಳನ್ನು ಕೈಯಳತೆಯಲ್ಲಿಟ್ಟುಕೊಂಡು ಬಳಸಬಹುದು. ಅಘನಾಶಿನಿಯ ಹಿನ್ನೀರಿನಲ್ಲಿ ಚಿಪ್ಪು ಹೆಕ್ಕಲು ಹೋಗುವವನಿಗೆ ಅದು ಸಾಕು. ಕಡಲಿಗೆ ಹೋಗುವವನಿಗೆ ಸಾಲದು. ಉಪ್ಪಿನಿಂದ ಒಳಗೆಲ್ಲ ಬಿಗಿದದ್ದು, ಮೈ ಸೀಳಿದ್ದು, ಗೇರು ಮುರಿದು ಭಾಗ ದೊರೆಯದ್ದು ಅಸಾಧ್ಯ. ಅದಕ್ಕೆ ನಮಸ್ಕಾರ ಮಾಡಿ ಬಿಡತಕ್ಕದ್ದು.

ಸಾಧ್ಯವೆಂದು ತೋರಿದರೂ ಇನ್ನೊಂದು ವಿಚಾರವುಂಟು. ಅದೇ ಚರಕನು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿರುವನು. ಇಲ್ಲಿ ವೈದ್ಯನೆಂದರೆ ಆ ಮಾದರಿಯನ್ನು ಬಲ್ಲ ಮೆಕ್ಯಾನಿಕ್ಕು, ಔಷಧವೆಂದರೆ ಬಿಡಿಭಾಗ, ರೋಗಿ ಎಂದರೆ ಇಂಜಿನು, ಪರಿಚಾರಕನೆಂದರೆ ದಿನವೂ ಅದನ್ನು ನೋಡಿಕೊಳ್ಳುವ ಮನೆಯವನು. ಮೊದಲ ಮೂರನ್ನು ಎಲ್ಲರೂ ವಿಚಾರಿಸುವರು, ನಾಲ್ಕನೆಯವನನ್ನು ಮರೆಯುವರು. ಕಡಲಿನಿಂದ ಬಂದ ಪ್ರತಿದಿನವೂ ಸಿಹಿನೀರಿನಿಂದ ಒಳಗನ್ನು ತೊಳೆಯುವ, ಪೆಟ್ರೋಲಿಗೆ ಎಣ್ಣೆಯನ್ನು ಅಳತೆಯಂತೆ ಬೆರೆಸುವ ಹುಡುಗನಿರುವ ಮನೆಯಲ್ಲಿ ಕೃಚ್ಛ್ರಸಾಧ್ಯವೂ ಬಾಳುವುದು. ಹಾಗಲ್ಲದ ಮನೆಯಲ್ಲಿ ಹೊಸದೂ ಮೂರು ಮಳೆಗಾಲ ಬಾಳದು.

ಹಳೆಯದನ್ನು ಎತ್ತಿ ಗೆದ್ದವರ ಉದಾಹರಣೆಯನ್ನು ತರುಣರು ಕೊಡಬಹುದು. ನಿಜವಾಗಿಯೂ ಅಂಥದೊಂದು ಪ್ರಸಿದ್ಧವಾದ ಉದಾಹರಣೆಯಿದೆ. 1939ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಸೀಡರ್‌ಬರ್ಗ್ ಎಂಬ ಊರಿನಲ್ಲಿ ಕಾರ್ಲ್ ಕೀಕ್‌ಹೇಫರ್ ಎಂಬಾತನು ಬೇರೆ ಉದ್ದೇಶದಿಂದ ಒಂದು ಕಾರ್ಖಾನೆಯನ್ನು ಕೊಂಡನು. ಕೊಂಡವರು ದೋಷವುಳ್ಳವೆಂದು ಹಿಂದಕ್ಕೆ ಕಳುಹಿಸಿದ್ದ ನೂರಾರು ಔಟ್‌ಬೋರ್ಡ್ ಇಂಜಿನುಗಳು ಅಲ್ಲಿ ಬಿದ್ದಿದ್ದುವು. ಆತನು ಅವುಗಳನ್ನು ಸರಿಪಡಿಸಿ ಮಾರಿದನು. ಆ ಬೀಜದಿಂದಲೇ ಇಂದು ಜಗತ್ಪ್ರಸಿದ್ಧವಾದ ಮರ್ಕ್ಯುರಿ ಇಂಜಿನುಗಳ ಉದ್ಯಮ ಬೆಳೆಯಿತು. ಕೇಳುವುದಕ್ಕೆ ಉತ್ಸಾಹ ಕೊಡುವ ಕಥೆಯೇ ಸರಿ. ಆದರೆ ಆತನು ಇಂಜಿನಿಯರನಾಗಿದ್ದನು. ಕಾರ್ಖಾನೆಯೂ ಆತನದೇ ಆಗಿತ್ತು. ಇಂಜಿನುಗಳು ಉಪ್ಪು ತಿಂದ ಹಳೆಯವಲ್ಲ, ಹೊಸವು. ಎಲ್ಲಕ್ಕಿಂತ ಮುಖ್ಯವಾಗಿ, ಅವೆಲ್ಲ ಒಂದೇ ಜಾತಿಯವಾದುದರಿಂದ ಒಂದರಲ್ಲಿ ಕಲಿತದ್ದು ನೂರರಲ್ಲಿ ಫಲಿಸಿತು. ನಮ್ಮ ಮೂಲೆಯಲ್ಲಿರುವುದು ಒಂದೇ ಒಂದು. ಅದರಲ್ಲಿ ಕಲಿಯುವ ಖರ್ಚೆಲ್ಲ ಅದರ ತಲೆಯ ಮೇಲೆಯೇ ಬೀಳುವುದು. ಅದೇ ಮಾದರಿಯ ಇನ್ನೊಂದು ಕೆಟ್ಟ ಇಂಜಿನು ನೆರೆಮನೆಯಲ್ಲಿ ಅಗ್ಗವಾಗಿ ದೊರೆಯುವುದಾದರೆ ಮಾತು ಬೇರೆ. ಎರಡರಿಂದ ಒಂದನ್ನು ಮಾಡುವ ವಿದ್ಯೆ ನಮ್ಮ ಮೆಕ್ಯಾನಿಕ್ಕರಿಗೆ ಚೆನ್ನಾಗಿ ಬರುವುದು.

ಲೆಕ್ಕವನ್ನು ಹೀಗೆ ಹಾಕಬೇಕು. ಬೆಲೆಗಳು ದಿನದಿನಕ್ಕೆ ಬದಲಾಗುವುದರಿಂದ, ಅಷ್ಟೇ ಬಲದ ಹೊಸ ಇಂಜಿನಿನ ಬೆಲೆಯನ್ನು 100 ಎಂದು ಇಟ್ಟುಕೊಳ್ಳೋಣ. ಗುರುತಿನವರ ಬಳಿ ಚೆನ್ನಾಗಿ ಓಡುತ್ತಿರುವ ಬಳಸಿದ ಇಂಜಿನು 50ಕ್ಕೆ ದೊರೆಯುವುದೆನ್ನೋಣ. ನಮ್ಮದಕ್ಕೆ ಬಿಡಿಭಾಗ 18, ಕೂಲಿ 10, ಒಟ್ಟು 28 ಎಂದು ಮೆಕ್ಯಾನಿಕ್ಕು ಹೇಳಿದನೆನ್ನೋಣ. ಬಿಚ್ಚಿದಮೇಲೆ ಕಾಣುವ ಹೊಸ ದೋಷಗಳಿಗಾಗಿ ಮೂರರಲ್ಲಿ ಒಂದು ಪಾಲನ್ನು ಸೇರಿಸಿದರೆ ಸುಮಾರು 37 ಆಗುವುದು. 50ಕ್ಕಿಂತ 37 ಕಡಿಮೆಯೆಂದು ಇಲ್ಲಿಗೇ ನಿಲ್ಲಿಸಬಾರದು; ಬಾಳುವ ವರ್ಷಗಳಿಂದ ಭಾಗಿಸಬೇಕು. ಹೊಸದು ಹನ್ನೆರಡು ವರ್ಷ ಬಾಳಿದರೆ ವರ್ಷಕ್ಕೆ ಎಂಟಕ್ಕಿಂತ ತುಸು ಹೆಚ್ಚು; ಬಳಸಿದ್ದು ಐದು ವರ್ಷ ಬಾಳಿದರೆ ವರ್ಷಕ್ಕೆ 10; ನಮ್ಮದು ಮೂರೇ ವರ್ಷ ಬಾಳಿದರೆ ವರ್ಷಕ್ಕೆ 12ಕ್ಕೂ ಮಿಗಿಲು. ಅಗ್ಗವೆಂದು ಕಂಡದ್ದೇ ಎಲ್ಲಕ್ಕಿಂತ ತುಟ್ಟಿಯಾಯಿತು. ಅದೇ ಇಂಜಿನು ಒಳ್ಳೆಯ ಆರೈಕೆಯಲ್ಲಿ ಐದು ವರ್ಷ ಬಾಳಿದರೆ ವರ್ಷಕ್ಕೆ ಏಳೂವರೆಯೊಳಗೆ ಇಳಿದು ಎಲ್ಲಕ್ಕಿಂತ ಅಗ್ಗವಾಗುವುದು. ಆದುದರಿಂದ ಮೆಕ್ಯಾನಿಕ್ಕನನ್ನು “ಎಷ್ಟಾಗುವುದು?” ಎಂದು ಮಾತ್ರವಲ್ಲ, “ಎಷ್ಟು ವರ್ಷ ಬರುವುದು?” ಎಂದೂ ಕೇಳಬೇಕು. ಮೊದಲನೆಯದಕ್ಕೆ ಉತ್ತರ ಹೇಳಿ ಎರಡನೆಯದಕ್ಕೆ ತಡವರಿಸುವವನ ಕೈಗೆ ಇಂಜಿನನ್ನು ಕೊಡಬಾರದು.

ನೂರನ್ನು ಒಮ್ಮೆಗೇ ಹೊಂದಿಸುವ ಶಕ್ತಿ ಎಲ್ಲ ಮನೆಗಳಿಗೂ ಇಲ್ಲವೆಂಬುದನ್ನು ನಾವು ಬಲ್ಲೆವು. ಶಾಸ್ತ್ರದ ಲೆಕ್ಕಕ್ಕೂ ಸಂಸಾರದ ಲೆಕ್ಕಕ್ಕೂ ಭೇದವಿರುವುದು ಇಲ್ಲಿಯೇ. ಆದುದರಿಂದ ನಮ್ಮ ಸೂಚನೆ ಇಷ್ಟೆ: ಪರೀಕ್ಷೆಗೆ ಬೇಕಾದ ಸ್ವಲ್ಪ ಹಣವನ್ನು ಕೈಯಿಂದ ಹಾಕಿರಿ, ಸುಖಸಾಧ್ಯವೆಂದು ತೀರಿದರೆ ದುಡಿಮೆಯಲ್ಲಿ ಉಳಿಸಿದ ಹಣದಿಂದ ಮಾಡಿಸಿರಿ, ಅಂದಾಜು ಬಳಸಿದ ಇಂಜಿನಿನ ಬೆಲೆಯ ಅರ್ಧವನ್ನು ದಾಟಿದರೆ ಅದಕ್ಕಾಗಿ ಬಳೆ ಬಿಚ್ಚಬೇಡಿರಿ. ಮೂಗಿಗಿಂತ ಮೂಗುತಿ ಭಾರವಾದಮೇಲೆ ಅದು ಅಲಂಕಾರವಲ್ಲ. ಬಳೆಗಳನ್ನು ಅಡವಿಡುವುದೇ ಆದರೆ, ಬಡ್ಡಿ ತೀರುವುದಕ್ಕೆ ಮುಂಚೆ ಕೆಡದಿರುವ ವಸ್ತುವಿಗಾಗಿ ಇಡಬೇಕು.

ಕೊನೆಯದಾಗಿ, ಲೆಕ್ಕಕ್ಕೆ ಸಿಕ್ಕದ ಒಂದು ವಿಷಯ. ಕರ್ನಾಟಕದ ಕರಾವಳಿಯಲ್ಲಿ ಪ್ರತಿವರ್ಷವೂ ಜೂನ್ 1ರಿಂದ ಜುಲೈ 31ರವರೆಗೆ 61 ದಿವಸ ಯಾಂತ್ರಿಕ ದೋಣಿಗಳು ಮೀನು ಹಿಡಿಯುವುದನ್ನು ಸರಕಾರವು ನಿಷೇಧಿಸಿರುವುದು. ಹತ್ತು ಅಶ್ವಶಕ್ತಿಯವರೆಗಿನ ಇಂಜಿನುಳ್ಳ ನಾಡದೋಣಿಗಳಿಗೆ ಮಾತ್ರ ವಿನಾಯಿತಿಯುಂಟು. ದೊಡ್ಡ ದೋಣಿಗಳೆಲ್ಲ ದಡದಲ್ಲಿರುವ ಆ ಎರಡು ತಿಂಗಳುಗಳಲ್ಲಿಯೇ ನಾಡದೋಣಿಯವನ ಮೀನಿಗೆ ಬೆಲೆ. ಮೂಲೆಯ ಸಣ್ಣ ಇಂಜಿನಿನ ಮೇಲೆ ಮಗನಿಗೆ ಆಶೆ ಹುಟ್ಟಿರುವುದಕ್ಕೆ ಇದೇ ಕಾರಣವಾಗಿರಬೇಕು. ಆ ಆಶೆಯಲ್ಲಿ ತಪ್ಪೇನೂ ಇಲ್ಲ. ಆದರೆ ಕಡಲು ಅತ್ಯಂತ ಉಗ್ರವಾಗಿರುವುದೂ ಆ ಎರಡು ತಿಂಗಳುಗಳಲ್ಲಿಯೇ. ನದಿಯು ಕಡಲನ್ನು ಸೇರುವ ಅಳಿವೆಯ ಬಾಯಲ್ಲಿ ಅಲೆಗಳು ಮುರಿಯುವಾಗ ದೋಣಿಯು ಮುಖವನ್ನು ಅಲೆಗೆ ಕೊಟ್ಟೇ ಹೋಗಬೇಕು. ಅಲ್ಲಿ ಇಂಜಿನು ನಿಂತರೆ ದೋಣಿಯು ಅಡ್ಡ ತಿರುಗುವುದು. ಅಡ್ಡ ತಿರುಗಿದ ದೋಣಿಯನ್ನು ಮಗುಚಲು ಒಂದೇ ಅಲೆ ಸಾಕು. ಯಂತ್ರ ಎಂಬ ಶಬ್ದವು ಹಿಡಿತದಲ್ಲಿಡು ಎಂಬ ಅರ್ಥದ ಯಮ್ ಧಾತುವಿನಿಂದ ಬಂದುದು. ನಮ್ಮ ಹಿಡಿತದಲ್ಲಿ ಇರುವಷ್ಟು ಕಾಲ ಮಾತ್ರ ಅದು ಯಂತ್ರ. ಅಳಿವೆಯ ಬಾಯಲ್ಲಿ ಕೈಕೊಟ್ಟರೆ ಅದು ದೋಣಿಗೆ ಕಟ್ಟಿದ ಮೂವತ್ತು ನಲವತ್ತು ಕಿಲೋ ಭಾರ.

ಆದುದರಿಂದ ದುರಸ್ತಾದ ಹಳೆಯ ಇಂಜಿನನ್ನು ನೇರವಾಗಿ ಮಳೆಗಾಲದ ಕಡಲಿಗೆ ಒಯ್ಯಕೂಡದೆಂಬುದು ನಮ್ಮ ದೃಢವಾದ ಅಭಿಪ್ರಾಯ. ಮಳೆಗಾಲ ಮುಗಿದಮೇಲೆ ಅದನ್ನು ಮೊದಲು ನದಿಯಲ್ಲಿ ದುಡಿಸಿರಿ. ಆಮೇಲೆ ಶಾಂತವಾದ ಕಡಲಿನಲ್ಲಿ, ಇನ್ನೊಂದು ದೋಣಿಯ ಜೊತೆಯಲ್ಲಿ ದುಡಿಸಿರಿ. ನವೆಂಬರಿನಿಂದ ಮೇ ತಿಂಗಳವರೆಗೆ ಒಮ್ಮೆಯೂ ದಾರಿಯಲ್ಲಿ ನಿಲ್ಲದ ಇಂಜಿನಿನ ವಿಷಯವಾಗಿ ಜೂನಿನಲ್ಲಿ ಯೋಚಿಸಬಹುದು. ಆಗಲೂ ದೋಣಿಯಲ್ಲಿ ಹುಟ್ಟುಗಳು, ಲಂಗರು, ಜೀವರಕ್ಷಕ ಜಾಕೀಟು ಇವಿಲ್ಲದೆ ಹೊರಡಬಾರದು. ಹುಡುಗನಿಗೆ ಇದು ನಿಧಾನವಾದ ದಾರಿಯಾಗಿ ಕಾಣಬಹುದು. ಅಜ್ಜನ ಇಂಜಿನಿನ ಮೇಲಣ ಗೌರವವೆಂದರೆ ಅದನ್ನು ಓಡಿಸುವುದು ಮಾತ್ರವಲ್ಲ, ಅಜ್ಜನು ಪ್ರತಿದಿನವೂ ಮನೆಗೆ ಹಿಂತಿರುಗಿ ಬರುತ್ತಿದ್ದಂತೆ ತಾನೂ ಬರುವುದು ಎಂದು ತಾಯಿಯೇ ಅವನಿಗೆ ಹೇಳಬೇಕು.

ಪರೀಕ್ಷೆಯಲ್ಲಿ ಅಸಾಧ್ಯವೆಂದು ತೀರಿದರೆ ಅದನ್ನು ಮತ್ತೆ ಮೂಲೆಗೆ ಸೇರಿಸಬೇಡಿರಿ. ಹಳೆಯ ಪೆಟ್ರೋಲನ್ನೂ ಗೇರಿನ ಎಣ್ಣೆಯನ್ನೂ ಬಾವಿಯ ಬಳಿಯಾಗಲಿ ತೋಡಿಗಾಗಲಿ ಚೆಲ್ಲದೆ ಡಬ್ಬಿಗೆ ತೆಗೆದು ಮೆಕ್ಯಾನಿಕ್ಕನಿಗೆ ಒಪ್ಪಿಸಿರಿ. ಪ್ರೊಪೆಲ್ಲರು, ಕಾರ್ಬುರೇಟರು, ಮುಚ್ಚಳ, ಕಾಯಿಲು ಇವುಗಳಲ್ಲಿ ಸರಿಯಾಗಿರುವುದನ್ನು ಬೇರೆಬೇರೆಯಾಗಿ ಮಾರಿದರೆ ಗುಜರಿಯವನು ತೂಕದ ಮೇಲೆ ಕೊಡುವುದಕ್ಕಿಂತ ಹೆಚ್ಚು ಬರುವುದು. ಅದೇ ಮಾದರಿಯ ಇಂಜಿನನ್ನು ಬದುಕಿಸಲು ಹೆಣಗುತ್ತಿರುವ ಇನ್ನೊಂದು ಮನೆಗೆ ಉಪಕಾರವೂ ಆಗುವುದು. ಸಾಧ್ಯವೆಂದು ತೀರಿದರೆ, ದುರಸ್ತು ಮಾಡಿಸಿದ ದಿನದ ತಾರೀಖನ್ನೂ ಬದಲಾಯಿಸಿದ ಭಾಗಗಳ ಪಟ್ಟಿಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಿರಿ. ಮುಂದೆ ಯಾವಾಗಲಾದರೂ ಅದು ಮತ್ತೆ ಮೂಲೆಗೆ ಬಂದಾಗ, ಅಂದಿನ ಮನೆಯವರು ಊಹಿಸಬೇಕಾದುದು ಅಷ್ಟು ಕಡಿಮೆಯಾಗುವುದು.